ಹೊಳೆಸಾಲಿನ ಊರಿಗೊಂದು ಭೋಂಗಾ



ನಾಣ್ಯ, ಅಂಚೆಚೀಟಿ, ಹಳೆಯ ಗ್ರಾಮೋಫೋನ್ ತಟ್ಟೆ ಕೂಡಿಹಾಕುವವರನ್ನು ನಾವು ಗೌರವದಿಂದಲೇ ಕಾಣುತ್ತೇವೆ. ಭೋಂಗಾ, ಎಂದರೆ ಸೈರನ್, ಕೂಡಿಹಾಕುವವರೂ ಲೋಕದಲ್ಲಿದ್ದಾರೆ. ಗುಜರಿಗೆ ಹೊರಟ ಸೈರನ್ನನ್ನು ತಂದು ತುಕ್ಕು ಕೆರೆದು, ಬೇರಿಂಗ್ ಬದಲಿಸಿ, ಮೋಟರ್ ಸುತ್ತಿಸಿ, ಮತ್ತೆ ಮೊಳಗುವಂತೆ ಮಾಡುವುದು ಅವರ ಹವ್ಯಾಸ. ಅಮೆರಿಕದಲ್ಲಿ ಇಂಥವರು ಬಹಳ. ಅಣುಬಾಂಬಿನ ಭೀತಿಯ ಕಾಲದಲ್ಲಿ, 1952ರ ಸುಮಾರಿಗೆ, ಕ್ರೈಸ್ಲರ್ ಕಂಪನಿ 180 ಅಶ್ವಶಕ್ತಿಯ ಮೋಟರುಗಾಡಿ ಎಂಜಿನ್ ಕೂಡಿಸಿ ಒಂದು ದೈತ್ಯ ಸೈರನ್ ಮಾಡಿತ್ತು. ನೂರು ಅಡಿ ದೂರದಲ್ಲಿ ಅದರ ಸದ್ದು 138 ಡೆಸಿಬೆಲ್. ಆ ಭೀತಿ ಕಳೆದ ಮೇಲೆ ಸರಕಾರಗಳು ಅವನ್ನು ಕಟ್ಟಡಗಳ ಮೇಲೆಯೇ ಬಿಟ್ಟುಬಿಟ್ಟವು. ಇಂದು ಅವುಗಳಲ್ಲಿ ಕೆಲವು ಇನ್ನೂ ಮೊಳಗುತ್ತವೆಂದರೆ ಅದಕ್ಕೆ ಹವ್ಯಾಸಿಗಳೇ ಕಾರಣ. ಇದು ಗದ್ದಲದ ಚಟ, ಕೈತುಂಬ ಹಣವಿದ್ದವರ ಆಟ ಎಂದು ಕೆಲವರು ಹೇಳಬಹುದು. ನಾನು ಹಾಗೆ ಎಣಿಸುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ಈ ಹವ್ಯಾಸ ಬೇಕಾದಷ್ಟು ಬೇರೆಲ್ಲಿಯೂ ಬೇಕಾಗಿರಲಾರದು ಎಂಬುದೇ ನನ್ನ ಇಂದಿನ ವಾದ.

ಮೊದಲು ಹೊಳೆಯನ್ನೇ ನೋಡೋಣ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ, ಅದಕ್ಕೆ ಅಡ್ಡವಾಗಿ ಅಣೆಕಟ್ಟು ನಿಂತಿದೆ. ಹಿಂದಿನ ನೀರೇ ರೇಣುಕಾಸಾಗರ. ಭರ್ತಿ ಮಟ್ಟ 2079.50 ಅಡಿ, ಹಿಡಿಯುವ ನೀರು ಸುಮಾರು 37.73 ಟಿಎಂಸಿ. ಈ ಕಟ್ಟೆಯಿಂದಾಗಿ ಒಂದೇ ಹೊಳೆ ಎರಡು ಸ್ವಭಾವದ್ದಾಗಿದೆ. ಮೇಲೆ ಇರುವ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ ಕಡೆಗೆ ನೀರು ಏರುವುದು ಘಟ್ಟದ ಮಳೆಯ ಇಚ್ಛೆಯಂತೆ. ಅದಕ್ಕೆ ಗೇಟಿಲ್ಲ, ಗುಂಡಿಯಿಲ್ಲ. ಕೆಳಗಿನ ರಾಮದುರ್ಗದ ಕಡೆಗೆ ಮಾತ್ರ ಮಹಾಪೂರ ಬರುವುದು ಮನುಷ್ಯನ ಕೈಯಿಂದ ಗೇಟು ಎದ್ದ ಮೇಲೆ. ಎಷ್ಟು ಗೇಟು, ಎಷ್ಟು ಹೊತ್ತಿಗೆ, ಎಷ್ಟು ಕ್ಯೂಸೆಕ್ ಎಂಬುದು ಮೊದಲೇ ಗೊತ್ತಿರುತ್ತದೆ, ಮತ್ತು ಆ ನೀರು ರಾಮದುರ್ಗ ಮುಟ್ಟಲು ಕೆಲವು ತಾಸು ಬೇಕು. ಎಚ್ಚರಿಕೆಯ ಸದ್ದಿಗೆ ಇದಕ್ಕಿಂತ ತಕ್ಕ ಸಂದರ್ಭ ಇನ್ನೊಂದಿಲ್ಲ. 2019ರ ಆಗಸ್ಟಿನಲ್ಲಿ ರಾಮದುರ್ಗದ ಬೀದಿಗಳಿಗೂ ಹೊಳೆದಂಡೆಯ ಊರುಗಳಿಗೂ ನೀರು ನುಗ್ಗಿ, ಮುಂದೆ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೂ ತುಂಬಿತು. ಅಂಥ ಹೊತ್ತಿನಲ್ಲಿ ಕೈಗೆ ಸಿಗುವ ಎರಡು ತಾಸು ಎಂದರೆ ದನಕರು ಬಿಚ್ಚಿ ದಿನ್ನೆಗೆ ಹೊಡೆಯುವ, ಮುದುಕರನ್ನು ಎತ್ತಿ ಒಯ್ಯುವ, ಜೋಳದ ಚೀಲ ಅಟ್ಟಕ್ಕೇರಿಸುವ ಸಮಯ.

ಈ ಯಂತ್ರ ಎಷ್ಟು ಸರಳವೆಂದು ತಿಳಿದರೆ ಅದನ್ನು ಕಟ್ಟುವ ಹುಕಿ ತಾನಾಗಿ ಹುಟ್ಟುತ್ತದೆ. 1819ರಲ್ಲಿ ಕಾನ್ಯಾರ್ ದ ಲಾ ತೂರ್ ಎಂಬ ಫ್ರೆಂಚ್ ವಿಜ್ಞಾನಿ ತೂತು ಕೊರೆದ ತಟ್ಟೆಯೊಂದನ್ನು ತಿರುಗಿಸಿ, ಗಾಳಿಯನ್ನು ತುಂಡುತುಂಡಾಗಿ ಕತ್ತರಿಸಿ ಸ್ವರ ಹೊರಡಿಸಿದ. ಇಂದಿನ ಮೋಟರ್ ಸೈರನ್ನಿನ ತತ್ವವೂ ಅಷ್ಟೇ. ಕಿಂಡಿಗಳಿರುವ ಒಂದು ಡಬ್ಬಿ ನಿಂತಿರುತ್ತದೆ. ಅದರೊಳಗೆ ಅಷ್ಟೇ ಕಿಂಡಿಗಳ ಇನ್ನೊಂದು ಗಾಲಿ ತಿರುಗುತ್ತದೆ. ಗಾಲಿಯ ರೆಕ್ಕೆಗಳು ನಡುವಿನಿಂದ ಗಾಳಿ ಎಳೆದು ಹೊರಗೆ ತಳ್ಳುತ್ತವೆ. ಕಿಂಡಿಗೆ ಕಿಂಡಿ ಎದುರಾದಾಗ ಗಾಳಿ ಹೊರಬೀಳುತ್ತದೆ, ಸರಿದಾಗ ತಡೆಯುತ್ತದೆ. ನಮ್ಮ ಹೊಲಗಳಲ್ಲಿ ನೀರೆತ್ತುವ ಮಾನೋಬ್ಲಾಕ್ ಪಂಪಿನ ಮೋಟರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ 47 ಸುತ್ತು ಮತ್ತು ಅರ್ಧ. ಗಾಲಿಗೆ ಹತ್ತು ಕಿಂಡಿ ಇದ್ದರೆ ಸೆಕೆಂಡಿಗೆ 475 ಕಂಪನ, ಹನ್ನೆರಡು ಇದ್ದರೆ 570. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಸೈರನ್ನುಗಳಲ್ಲಿ ಒಂದು ತುದಿಗೆ ಹತ್ತು, ಇನ್ನೊಂದು ತುದಿಗೆ ಹನ್ನೆರಡು ಕಿಂಡಿ ಇರುತ್ತಿದ್ದವು. ಆ ಎರಡು ಸ್ವರ ಬೆರೆತಾಗ ಹುಟ್ಟುವ ಕಳವಳವೇ ಬೇರೆ. ಹತ್ತನೆಯ ತರಗತಿಯ ಹುಡುಗಿ ಕಾಗದದ ಮೇಲೆ ಮಾಡಬಲ್ಲ ಲೆಕ್ಕವಿದು. ಲೆಕ್ಕದಂತೆಯೇ ಸ್ವರ ಬರುವುದನ್ನು ಕಿವಿಯಾರೆ ಕೇಳಿದ ಮೇಲೆ ಭೌತಶಾಸ್ತ್ರ ಅವಳಿಗೆ ಹೆದರಿಕೆಯ ವಿಷಯವಾಗಿ ಉಳಿಯುವುದಿಲ್ಲ.

ಕಟ್ಟುವ ಕೈಗಳೂ ನಮ್ಮಲ್ಲಿಯೇ ಇವೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ಎರಕಕ್ಕೆ ಹೆಸರಾದವು. ತಾಲ್ಲೂಕಿನ ಪೇಟೆಗಳಲ್ಲಿ ಲೇಥ್ ಉಂಟು, ಮೋಟರ್ ರಿವೈಂಡಿಂಗ್ ಅಂಗಡಿ ಉಂಟು. ಆದರೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮೂವತ್ತು ಸೆಂಟಿಮೀಟರ್ ಅಡ್ಡಳತೆಯ ಗಾಲಿ ಆ ವೇಗದಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ 160 ಕಿಲೋಮೀಟರಿನಷ್ಟು ಓಡುತ್ತಿರುತ್ತದೆ. ಬೆಸುಗೆ ಬಿಟ್ಟ ತುಂಡೊಂದು ಹಾರಿದರೆ ಜೀವಕ್ಕೆ ಅಪಾಯ. ಆದ್ದರಿಂದ ಗಾಲಿಯನ್ನು ಮೊದಲು ಬರಿಗೈಯಿಂದ ತಿರುಗಿಸಿ ಬಿಡಬೇಕು. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿ ಭಾರವೆಂದು ಅರ್ಥ. ಅಲ್ಲಿ ಸ್ವಲ್ಪ ಕೊರೆದು ತೂಕ ಇಳಿಸಬೇಕು. ಎಲ್ಲಿ ಬಿಟ್ಟರೂ ಅಲ್ಲಿಯೇ ನಿಲ್ಲುವ ತನಕ ಈ ಕೆಲಸ ನಡೆಯಬೇಕು. ಆಮೇಲೆ ಗಟ್ಟಿ ತಗಡಿನ ಕವಚ, ಕಿವಿಗೆ ರಕ್ಷಣೆ, ಪಕ್ಕದಲ್ಲಿ ತಿಳಿದ ಮೇಷ್ಟ್ರು. ಅವಸರದ ಕೈಗೆ ಒಗ್ಗುವ ಹವ್ಯಾಸ ಇದಲ್ಲ, ಮತ್ತು ಅದೇ ಇದರ ದೊಡ್ಡ ಗುಣ.

ಇನ್ನು ಕರೆಂಟಿನ ಮಾತು. ಹೊಳೆಸಾಲಿನ ಊರಲ್ಲಿ ಇದೇ ಮುಖ್ಯ ಪ್ರಶ್ನೆ. ಹೊಲದ ತ್ರೀಫೇಸ್ ದಿನದ ಕೆಲವು ತಾಸು ಮಾತ್ರ. ನೀರು ಏರತೊಡಗಿದರೆ ಅನಾಹುತವಾಗಬಾರದೆಂದು ಊರಿನ ಲೈನನ್ನೇ ತೆಗೆದುಬಿಡುತ್ತಾರೆ. ಎಂದರೆ ಭೋಂಗಾ ಬೇಕಾದ ಗಳಿಗೆಗೇ ಕರೆಂಟು ಇರುವುದಿಲ್ಲ. ಹಾಗಾದರೆ ಬ್ಯಾಟರಿಯೇ ಗತಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಹನ್ನೆರಡು ವೋಲ್ಟಿನ ಡಿಸಿ ಮೋಟರಿಗೆ, ನಷ್ಟವನ್ನೂ ಹಿಡಿದು, ಸುಮಾರು 80 ಆಂಪಿಯರ್ ಬೇಕು. ಕೇಳಿದಾಗ ಬಹಳ ಎನಿಸುತ್ತದೆ. ಆದರೆ ಭೋಂಗಾ ಮೊಳಗುವುದು ಎರಡು ನಿಮಿಷ. ಎರಡು ನಿಮಿಷಕ್ಕೆ ಖರ್ಚಾಗುವುದು ಮೂರು ಆಂಪಿಯರ್ ಅವರ್ ಕೂಡ ಅಲ್ಲ. ನೂರು ಆಂಪಿಯರ್ ಅವರಿನ ಒಂದು ಬ್ಯಾಟರಿಯಿಂದ ಹತ್ತು ಸಲ ಮೊಳಗಿಸಿದರೂ ಮುಕ್ಕಾಲು ಪಾಲಿನಷ್ಟು ಉಳಿದಿರುತ್ತದೆ. ಅದನ್ನು ತುಂಬಿಸಿಡಲು ಸಣ್ಣದೊಂದು ಸೌರಫಲಕ ಸಾಕು. ಟ್ರ್ಯಾಕ್ಟರಿನ ಸ್ಟಾರ್ಟರ್ ಮೋಟರನ್ನೇ ಹಚ್ಚಿಬಿಡೋಣ ಎಂಬ ಆಸೆ ಮಾತ್ರ ಬೇಡ; ಕೆಲವೇ ಸೆಕೆಂಡು ತಿರುಗಲು ಮಾಡಿದ ಮೋಟರು ಎರಡು ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಬ್ಯಾಟರಿಯೂ ಕೈಕೊಟ್ಟರೆ ಎಂಬ ಪ್ರಶ್ನೆಗೆ ಕೈಭೋಂಗಾ ಉತ್ತರ. ಹ್ಯಾಂಡಲ್ ತಿರುಗಿಸಿದರೆ ಒಳಗಿನ ಹಲ್ಲುಗಾಲಿಗಳು ವೇಗ ಹೆಚ್ಚಿಸುತ್ತವೆ. ಮೊದಲು ಗೊಗ್ಗರು ದನಿ, ತೋಳು ಬಿಗಿಯಾದಂತೆ ಸ್ವರ ಏರಿ ಏರಿ ತೀಕ್ಷ್ಣವಾಗುತ್ತದೆ. ಸದ್ದು ಮೋಟರಿನಷ್ಟು ದೂರ ಹೋಗದು, ಆದರೆ ಒಂದು ಓಣಿಯನ್ನು ಎಬ್ಬಿಸಲು ಸಾಕು. ಅದಕ್ಕೆ ಬೇಕಾದ ಶಕ್ತಿ ಒಬ್ಬ ಮನುಷ್ಯನ ತೋಳು.

ಎಲ್ಲಿ ಕೂಡಿಸಬೇಕೆಂಬುದೂ ಕಲಿಯತಕ್ಕ ವಿಷಯವೇ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಮೂವತ್ತು ಮೀಟರಿನಲ್ಲಿ ನೂರು ಡೆಸಿಬೆಲ್ ಇದ್ದದ್ದು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಎಪ್ಪತ್ತಕ್ಕೆ ಬರುತ್ತದೆ. ಮರ, ಗೋಡೆ, ಎತ್ತರದ ಕಬ್ಬು ಅಡ್ಡವಾದರೆ ಇನ್ನೂ ಕಡಿಮೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಮೂಡಣದ ಓಣಿಗೆ ಚೆನ್ನಾಗಿ ಕೇಳಿ ಪಡುವಣದ ಓಣಿಗೆ ಕೇಳದೆ ಹೋಗಬಹುದು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಒಳಗೆ ಮಲಗಿದವರಿಗೆ ಹೊರಗಿನ ಸದ್ದು ಕಿವಿಗೆ ಬೀಳುವುದು ಕಷ್ಟ. ಊರಿನ ನೀರಿನ ಟ್ಯಾಂಕಿನ ಮೇಲೆ ಭೋಂಗಾ ಕೂಡಿಸಿ, ಎಲ್ಲೆಲ್ಲಿ ಎಷ್ಟು ಕೇಳಿತೆಂದು ಮನೆಮನೆಗೆ ಹೋಗಿ ಕೇಳಿ ನಕಾಶೆ ಬರೆಯುವುದು ಶಾಲೆಯ ಮಕ್ಕಳು ಮಾಡಬಹುದಾದ ಕೆಲಸ. ಅಂಥ ನಕಾಶೆಯಿಂದ ಊರಿನ ಯಾವ ಮೂಲೆಗೆ ಓಡಿಹೋಗಿ ಬಾಗಿಲು ಬಡಿಯಬೇಕೆಂಬುದು ಮೊದಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಕಾರವೇ ಮಾಡಲಿ, ಹವ್ಯಾಸಿಗಳು ಏಕೆ ಎಂದು ಯಾರಾದರೂ ಕೇಳಿಯಾರು. ಅಣೆಕಟ್ಟಿನ ಎಚ್ಚರಿಕೆ ಸರಕಾರದ ಹೊಣೆ ಎಂಬುದರಲ್ಲಿ ಸಂಶಯವಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರತಿ ದೊಡ್ಡ ಅಣೆಕಟ್ಟಿಗೂ ತುರ್ತು ಕ್ರಿಯಾಯೋಜನೆ ಇರಬೇಕೆನ್ನುತ್ತದೆ. ಆ ಹೊಣೆಯಿಂದ ಯಾರಿಗೂ ಬಿಡುಗಡೆ ಕೊಡಬೇಕಾಗಿಲ್ಲ. ಆದರೆ ಭೋಂಗಾದ ಸ್ವಭಾವವನ್ನು ನೋಡಿ. ವರ್ಷದ ಬಹುತೇಕ ದಿನ ಅದಕ್ಕೆ ಕೆಲಸವಿಲ್ಲ. ಕೆಲಸವಿಲ್ಲದ ಯಂತ್ರಕ್ಕೆ ಗ್ರೀಸ್ ಹಚ್ಚುವ ನೆನಪು ಯಾವ ಕಚೇರಿಗೂ ಇರುವುದಿಲ್ಲ. ಕೆಟ್ಟಿದೆ ಎಂಬ ದೂರೂ ಬರುವುದಿಲ್ಲ, ಯಾಕೆಂದರೆ ಅದು ಬೇಕೆಂದು ಯಾರಿಗೂ ಅನಿಸಿರುವುದಿಲ್ಲ. ಬೇರಿಂಗು ಹಿಡಿದುಕೊಳ್ಳುತ್ತದೆ, ತುತ್ತೂರಿಯೊಳಗೆ ಕಣಜ ಗೂಡು ಕಟ್ಟುತ್ತದೆ, ಬ್ಯಾಟರಿಯ ನೀರು ಬತ್ತುತ್ತದೆ. ಜರ್ಮನಿಯಂಥ ಶಿಸ್ತಿನ ದೇಶದ ಉದಾಹರಣೆ ಕಣ್ಣೆದುರಿಗಿದೆ. ಶೀತಲ ಸಮರ ಮುಗಿದ ಮೇಲೆ ಅಲ್ಲಿ ಸೈರನ್ನುಗಳು ಬೇಡವಾಗಿ ಬಹಳಷ್ಟನ್ನು ಕಿತ್ತುಹಾಕಿದರು. 2020ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಒಂದು ಎಚ್ಚರಿಕೆಯ ದಿನ ಆಚರಿಸಿದಾಗ ವ್ಯವಸ್ಥೆ ಎಡವಿತು. ಮರುವರ್ಷ ಜುಲೈಯಲ್ಲಿ ಆರ್ ಕಣಿವೆಯಲ್ಲಿ ರಾತ್ರಿ ಏರಿದ ಮಹಾಪೂರ ಸೇರಿ ಆ ದೇಶದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸೈರನ್ನುಗಳಿಗೆ ಮತ್ತೆ ಹಣ ಹೊರಟಿತು. ಹಣ ಮತ್ತು ಆದೇಶ ಒಂದು ಯಂತ್ರವನ್ನು ತರಬಲ್ಲವು. ಅದನ್ನು ಶಾಂತಿಯ ಇಪ್ಪತ್ತು ವರ್ಷ ಜೀವಂತವಾಗಿಡುವುದಕ್ಕೆ ಅದರ ಮೇಲೆ ಅಕ್ಕರೆ ಇರುವ ಕೆಲವರಾದರೂ ಊರಲ್ಲಿ ಇರಬೇಕು.

ನಮ್ಮ ಮಗ್ಗುಲಲ್ಲೇ ಇನ್ನೊಂದು ಪ್ರಯೋಗ ನಡೆದಿದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಮೊಳಗುತ್ತದೆ. ಮನೆಮನೆಯ ಟಿವಿ, ಮೊಬೈಲ್ ಬಂದಾಗಿ ಮಕ್ಕಳು ಓದಲು ಕೂಡುತ್ತಾರೆ. ಆ ಕಡೆಯ ಹಳ್ಳಿಗಳ ಮಾದರಿ ಕಂಡು ನಮ್ಮ ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮವೂ 2024ರ ಡಿಸೆಂಬರಿನಲ್ಲಿ ಸಂಜೆಯ ಭೋಂಗಾ ಶುರುಮಾಡಿತು. ಓದಿನ ಮೇಲೆ ಅದರ ಪರಿಣಾಮವೇನು ಎಂಬುದು ಶಿಕ್ಷಕರು ಹೇಳಬೇಕಾದ ಮಾತು. ನನಗೆ ಅದರಲ್ಲಿ ಕಾಣುವ ದೊಡ್ಡ ಲಾಭ ಬೇರೆಯೇ: ದಿನಾಲೂ ಮೊಳಗುವ ಭೋಂಗಾ ದಿನಾಲೂ ಪರೀಕ್ಷೆಗೊಳಗಾಗುತ್ತದೆ. ಒಂದು ಸಂಜೆ ಅದು ಮೊಳಗದಿದ್ದರೆ ಇಡೀ ಊರಿಗೆ ಗೊತ್ತಾಗುತ್ತದೆ, ಮರುದಿನವೇ ದುರಸ್ತಿಯಾಗುತ್ತದೆ. ಹೊಳೆಸಾಲಿನ ಊರು ಇದೇ ಪದ್ಧತಿ ಹಿಡಿದರೆ ಮಹಾಪೂರದ ರಾತ್ರಿಗೆ ಭೋಂಗಾ ಸಿದ್ಧವಿದೆಯೇ ಎಂಬ ಚಿಂತೆಯೇ ಇರುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ದಿನವೂ ಕೇಳಿದ ಸದ್ದಿಗೆ ಕಿವಿ ಮರಗಟ್ಟುವುದಿಲ್ಲವೇ? ಆಕ್ಷೇಪ ಸುಳ್ಳಲ್ಲ. 2011ರ ಮೇ 22ರಂದು ಅಮೆರಿಕದ ಜಾಪ್ಲಿನ್ ಪಟ್ಟಣಕ್ಕೆ ಸುಂಟರಗಾಳಿ ಬಡಿದು 150ಕ್ಕೂ ಹೆಚ್ಚು ಜನ ಸತ್ತರು. ಸೈರನ್ ಮೊಳಗಿತ್ತು, ಪದೇ ಪದೇ ಕೇಳಿ ರೂಢಿಯಾಗಿದ್ದ ಬಹಳ ಜನ ಮೊದಲ ಸದ್ದಿಗೆ ಏಳಲಿಲ್ಲ ಎಂದು ಆಮೇಲಿನ ಸರಕಾರಿ ವರದಿ ಹೇಳಿತು. 2025ರ ಮೇ 10ರಂದು ನಮ್ಮ ಕೇಂದ್ರ ಸರಕಾರವೂ ಇದೇ ಭಯದಿಂದ, ತಿಳಿವಳಿಕೆಯ ಉದ್ದೇಶ ಬಿಟ್ಟು ಬೇರೆ ಕಾರ್ಯಕ್ರಮಗಳಲ್ಲಿ ವಾಯುದಾಳಿ ಸೈರನ್ನಿನ ಸದ್ದು ಬಳಸಬೇಡಿ ಎಂದು ಮಾಧ್ಯಮಗಳಿಗೆ ಸೂಚಿಸಿತು. ಇದಕ್ಕೆ ಪರಿಹಾರ ಸದ್ದಿನ ರೀತಿಯಲ್ಲಿದೆ. ನಮ್ಮ ನಾಗರಿಕ ರಕ್ಷಣಾ ಪದ್ಧತಿಯಲ್ಲಿ ಏರಿಳಿಯುವ ಸದ್ದು ಅಪಾಯದ್ದು, ಒಂದೇ ಸಮನೆ ಹಿಡಿದ ಸದ್ದು ಅಪಾಯ ಕಳೆದದ್ದರ ಗುರುತು. ಸಂಜೆಯ ಭೋಂಗಾ ಚಿಕ್ಕದಾಗಿ, ಒಂದೇ ಸಮನಾಗಿ ಇರಲಿ. ಹೊಳೆಯ ಭೋಂಗಾಕ್ಕೆ ಬೇರೆ ಗುರುತು ಇರಲಿ, ಅದನ್ನು ತಹಶೀಲ್ದಾರ ಕಚೇರಿಯೊಂದಿಗೆ ಕೂತು ಗೊತ್ತುಮಾಡಲಿ. ಗುರುತು ಗೊತ್ತಿಲ್ಲದ ಸದ್ದು ಉಪಯೋಗಕ್ಕೆ ಬಾರದು. 2023ರ ಆಗಸ್ಟಿನಲ್ಲಿ ಹವಾಯಿಯ ಲಹೈನಾ ಊರು ಬೆಂಕಿಗೆ ಆಹುತಿಯಾದಾಗ ಅಲ್ಲಿನ ಸೈರನ್ನುಗಳನ್ನು ಮೊಳಗಿಸಲೇ ಇಲ್ಲ. ಜನ ಸುನಾಮಿ ಎಂದು ತಿಳಿದು ಬೆಂಕಿಯಿದ್ದ ಗುಡ್ಡದ ಕಡೆಗೇ ಓಡಿಯಾರು ಎಂಬುದು ಅಧಿಕಾರಿ ಕೊಟ್ಟ ಕಾರಣ.

ಅದಕ್ಕಿಂತ ಕಠಿಣವಾದ ಆಕ್ಷೇಪ, ಹವ್ಯಾಸಿಗಳು ಮನಸ್ಸಿಗೆ ಬಂದಾಗ ಒತ್ತಿಬಿಟ್ಟರೆ ಗತಿಯೇನು ಎಂಬುದು. 2017ರ ಏಪ್ರಿಲಿನ ಒಂದು ರಾತ್ರಿ ಡಲ್ಲಾಸ್ ನಗರದ 156 ಸೈರನ್ನುಗಳನ್ನು ಯಾರೋ ರೇಡಿಯೋ ಸಂಕೇತ ಕಳಿಸಿ ಮೊಳಗಿಸಿ ಊರಿನ ನಿದ್ದೆ ಕೆಡಿಸಿದರು. ಆದ್ದರಿಂದ ಕಟ್ಟುವ ಕೈ ಬೇರೆ, ಒತ್ತುವ ಕೈ ಬೇರೆ ಇರಲೇಬೇಕು. ಹವ್ಯಾಸಿಯ ಕೆಲಸ ಯಂತ್ರವನ್ನು ಕಟ್ಟಿ ಸುಸ್ಥಿತಿಯಲ್ಲಿಡುವುದು. ಮೊಳಗಿಸುವ ಅಧಿಕಾರ ಗ್ರಾಮ ಪಂಚಾಯಿತಿ ಬರೆದಿಟ್ಟ ಕೆಲವು ಹೆಸರುಗಳಿಗೆ ಮಾತ್ರ. ಕೆಲವು ಹೆಸರು ಎಂದೆ, ಒಂದು ಹೆಸರಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಊರಿಗೆ ಕೇಳಬೇಕಾದ ಕಾರ್ಖಾನೆಯ ಸೈರನ್ ಸ್ವಲ್ಪ ಹೊತ್ತು ಮೊಳಗಿ ನಿಂತಿತು. ಸಣ್ಣ ಸೋರಿಕೆಗೆಲ್ಲ ಸುತ್ತಲಿನ ಜನ ಗಾಬರಿಯಾಗಬಾರದೆಂಬ ಪದ್ಧತಿ ಅಲ್ಲಿತ್ತು. ಅದು ಮತ್ತೆ ಗಟ್ಟಿಯಾಗಿ ಮೊಳಗುವಷ್ಟರಲ್ಲಿ ಅನಿಲ ಓಣಿಓಣಿಗಳನ್ನು ಹೊಕ್ಕಿತ್ತು. ಅಪಾಯ ತರುವವನ ಕೈಯಲ್ಲಷ್ಟೇ ಎಚ್ಚರಿಕೆಯ ಗುಂಡಿ ಇರಬಾರದು. ಅಪಾಯ ಉಣ್ಣುವವರ ಊರಲ್ಲಿಯೂ ಒಂದು ಇರಬೇಕು. ಊರಿನವರೇ ಕಟ್ಟಿದ ಭೋಂಗಾದ ಪರವಾಗಿ ನನಗೆ ಗೊತ್ತಿರುವ ಅತ್ಯಂತ ಬಲವಾದ ಸಾಕ್ಷ್ಯ ಇದೇ.

ಮೊಬೈಲಿಗೇ ಸಂದೇಶ ಬರುವಾಗ ಭೋಂಗಾ ಹಳೆಯ ಕಾಲದ ಮಾತಲ್ಲವೇ ಎಂಬವರಿಗೂ ಒಂದು ಉತ್ತರ ಹೇಳುತ್ತೇನೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿರಬಹುದು. ಅದು ಸರಕಾರದ ಎಚ್ಚರಿಕೆ ಸಂದೇಶದ ಪರೀಕ್ಷೆ. ಒಳ್ಳೆಯ ವ್ಯವಸ್ಥೆ, ಬೇಕೇ ಬೇಕು. ಆದರೆ ಎರಡು ದಿನ ಕರೆಂಟಿಲ್ಲದ ಊರಲ್ಲಿ ಫೋನಿಗೆ ಚಾರ್ಜಿರುವುದಿಲ್ಲ, ಟವರೂ ಸುಮ್ಮನಾಗಬಹುದು. ಹೊಲದಲ್ಲಿ ಮಲಗಿದ ಕಾವಲುಗಾರನಿಗೆ, ಫೋನಿಲ್ಲದ ಅಜ್ಜಿಗೆ ಯಾರು ಹೇಳಬೇಕು? ಗುಡಿಯ, ಮಸೀದಿಯ ಮೈಕಿಗೂ ಇದರಲ್ಲಿ ಪಾಲಿದೆ. ಭೋಂಗಾ ಎಬ್ಬಿಸುತ್ತದೆ, ಏನು ಮಾಡಬೇಕೆಂದು ಹೇಳಲಾರದು. ಎದ್ದವರಿಗೆ ದಾರಿ ಹೇಳುವುದು ಮೈಕು. ಶಬ್ದಮಾಲಿನ್ಯದ ಕಾನೂನು ಅಡ್ಡಬರುವುದೇ ಎಂದರೆ, 2000ದ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿಗೆ ತಡೆ ಹಾಕುತ್ತವಾದರೂ ಸಾರ್ವಜನಿಕ ತುರ್ತಿನ ಸಂದರ್ಭವನ್ನು ಹೊರಗಿಟ್ಟಿವೆ. ಪರೀಕ್ಷೆ, ಪ್ರಯೋಗ ಎಲ್ಲ ಹಗಲಿನಲ್ಲಿ, ಶಾಲೆ ಆಸ್ಪತ್ರೆಗಳಿಂದ ದೂರ, ಊರಿಗೆ ಮೊದಲೇ ಹೇಳಿ ನಡೆಯಬೇಕು.

ಕೂಡಿಡುವ ಹವ್ಯಾಸದ ಬಗ್ಗೆ ಹೇಳದೆ ಈ ಭಾಷಣ ಪೂರ್ಣವಾಗದು. ಗಿರಣಿಗಳ ಉಗಿಭೋಂಗಾ, ನಗರಸಭೆಗಳ ಹಳೆಯ ಸೈರನ್, ಹಿತ್ತಾಳೆಯ ತಗಡಿನ ಮೇಲೆ ಮಾಡಿದವರ ಹೆಸರು ಕೊರೆದ ಕೈಭೋಂಗಾ ಇವೆಲ್ಲ ತೂಕಕ್ಕೆ ಮಾರಾಟವಾಗಿ ಕರಗುತ್ತಿವೆ. ನಮ್ಮ ಕಡೆ ಎಚ್ಚರಿಕೆಯ ವಾದ್ಯಗಳಿಗೆ ಉದ್ದನೆಯ ಇತಿಹಾಸವಿದೆ. ಕೋಟೆಯ ನಗಾರಿ, ಕಹಳೆ, ತಳವಾರನ ಡಂಗುರ, ಆಮೇಲೆ ಗಿರಣಿಯ ಭೋಂಗಾ. ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯದಲ್ಲಿ 1824ರ ಹೋರಾಟದ ನೆನಪುಗಳಿಗೆ ಸ್ಥಳವಿರುವಂತೆ ಈ ಸಾಲಿಗೂ ಒಂದು ಮೂಲೆ ಸಿಗಬೇಕು. ಹಳೆಯದನ್ನು ಬಿಚ್ಚಿ ನೋಡದವನಿಗೆ ಹೊಸದನ್ನು ಕಟ್ಟಲು ಬಾರದು ಎಂಬುದು ಯಾವ ಮಿಸ್ತ್ರಿಯನ್ನು ಕೇಳಿದರೂ ಗೊತ್ತಾಗುತ್ತದೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಐಟಿಐ ಶಿಕ್ಷಕರೇ, ಸಂಗೊಳ್ಳಿಯ ಸೈನಿಕ ಶಾಲೆಯ ಗುರುಗಳೇ, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರುಗಳೇ, ಇದನ್ನು ನಿಮ್ಮಿಂದ ಶುರುಮಾಡಬೇಕೆಂದು ಕೇಳುತ್ತಿದ್ದೇನೆ. ಮೊದಲು ಪಂಚಾಯಿತಿಗೆ ಒಂದು ಅರ್ಜಿ ಬರೆದು ಒಪ್ಪಿಗೆ ಪಡೆಯಿರಿ. ಗುಜರಿ ಅಂಗಡಿಯಲ್ಲಿ ಹಳೆಯ ಕೈಭೋಂಗಾ ಸಿಕ್ಕರೆ ತಂದು ಮಕ್ಕಳೆದುರು ಬಿಚ್ಚಿ ತೋರಿಸಿ. ಸಿಗದಿದ್ದರೆ ರಟ್ಟಿನ ತಟ್ಟೆಗೆ ಹತ್ತು ತೂತು ಕೊರೆದು, ಆಟಿಕೆಯ ಮೋಟರಿಗೆ ಸಿಕ್ಕಿಸಿ, ಕೊಳವೆಯಿಂದ ಊದಿ ಸ್ವರ ತೆಗೆಯಿರಿ. ಮೋಟರಿನದು ಆಮೇಲಿನ ಮಾತು. ಕಣಕುಂಬಿಯ ಕಡೆಗೆ ಮಳೆ ಹಿಡಿಯುವುದು ಜೂನಿನಲ್ಲಿ. ಬೇಸಿಗೆಯ ರಜೆಯಲ್ಲಿ ಕೈಹಚ್ಚಿದರೆ ಅಷ್ಟರೊಳಗೆ ಒಂದು ಊರಿಗಾದರೂ ಭೋಂಗಾ ಸಿದ್ಧವಾಗುತ್ತದೆ.